ಯಾತ್ರೆಯ ಬಸ್ಸು, ಬೇಲಿಯೊಳಗಿನ ಸಿಂಹ

ಧಾರೇಶ್ವರದಿಂದ ಹೊಂಬುಜಕ್ಕೆ ಹೊರಟ ಯಾತ್ರೆಯ ಬಸ್ಸು ಹೊನ್ನಾವರದಲ್ಲಿ ಕಡಲನ್ನು ಬಿಟ್ಟು, ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆಯ ಘಟ್ಟವನ್ನೇರುತ್ತದೆ. ಜ್ವಾಲಾಮಾಲಿನಿ ದೇವಿಯ ಮೂರ್ತಿಯು ಇದೇ ಗೇರುಸೊಪ್ಪೆಯಿಂದ ನರಸಿಂಹರಾಜಪುರದ ಸಿಂಹನಗದ್ದೆಗೆ ಹೋಯಿತೆಂಬ ಪ್ರತೀತಿಯಿರುವುದರಿಂದ ಹೊಂಬುಜಕ್ಕೆ ಹೋದವರಲ್ಲಿ ಅಲ್ಲಿಗೂ ಹೋಗಿಬರುವವರುಂಟು. ಈಚೆಗೆ ನಾನು ಹೋಗಿದ್ದ ಇಂತಹ ಒಂದು ಯಾತ್ರೆಯ ಕಾರ್ಯಕ್ರಮಪಟ್ಟಿಯಲ್ಲಿ ಈ ಎರಡು ಕ್ಷೇತ್ರಗಳ ನಡುವೆ ಮತ್ತೊಂದು ಹೆಸರು ಸೇರಿತ್ತು: ಶಿವಮೊಗ್ಗದ ಬಳಿಯ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ. 1988ರಲ್ಲಿ ಆರಂಭವಾದ ಈ ಧಾಮವು ಸಾಗರದ ರಸ್ತೆಯಲ್ಲಿಯೇ ಇದೆ. ದೊಡ್ಡ ಸುತ್ತೇನೂ ಆಗುವುದಿಲ್ಲ. ನನ್ನ ಆಕ್ಷೇಪ ದಾರಿಯ ದೂರವನ್ನು ಕುರಿತದ್ದಲ್ಲ.

ಧಾಮದ ವಾಹನವನ್ನೇರಿ ಬೇಲಿಯೊಳಗೆ ಹೋದಾಗ ಸಿಂಹವೊಂದು ಮರದ ನೆರಳಿನಲ್ಲಿ ಮಲಗಿತ್ತು. ದಿನದ ಬಹುಭಾಗವನ್ನು ನಿದ್ರೆಯಲ್ಲಿ ಕಳೆಯುವುದು ಆ ಪ್ರಾಣಿಯ ಸ್ವಭಾವ. ನಮ್ಮವರಿಗೆ ಅದು ಸಾಲಲಿಲ್ಲ. ಬೆಳಿಗ್ಗೆ ಪದ್ಮಾವತಿ ದೇವಿಯ ಮುಂದೆ ಕೈಮುಗಿದು ನಿಂತಿದ್ದವರೇ ಕಿಟಕಿಯ ಜಾಲರಿಯನ್ನು ಬಡಿದು, ಕೂಗಿ, ಸಿಳ್ಳೆ ಹಾಕಿ ಅದನ್ನೆಬ್ಬಿಸಲು ನೋಡಿದರು. ಬೇಡವೆಂದ ಸಿಬ್ಬಂದಿಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಸಿಂಹ ಒಮ್ಮೆ ತಲೆಯೆತ್ತಿ ನೋಡಿ ಪುನಃ ಮಲಗಿತು. "ದುಡ್ಡು ದಂಡ" ಎಂದರೊಬ್ಬರು. ನಾನೂ ಆ ವಾಹನದಲ್ಲಿದ್ದೆ, ಎದ್ದು ನಿಂತು ಏನನ್ನೂ ಹೇಳಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಅದಕ್ಕಿಂತಲೂ ಮೊದಲು ಬಂದಿರುವುದು ಬಂಧ, ಎಂದರೆ ಜೀವಿಯನ್ನು ಅದು ಹೋಗಬಯಸುವಲ್ಲಿಗೆ ಹೋಗಗೊಡದಿರುವುದು. ಈ ಸೂತ್ರವನ್ನು ನಾವು ಕೊಟ್ಟಿಗೆಯ ದನಕ್ಕೆ, ಗಾಡಿಯ ಎತ್ತಿಗೆ ಅನ್ವಯಿಸಿ ಓದುತ್ತ ಬಂದಿದ್ದೇವೆ. ವಿನೋದಕ್ಕಾಗಿ ನೋಡುವ ಮೃಗವೂ ಅದರ ವ್ಯಾಪ್ತಿಯಲ್ಲಿದೆಯೆಂದು ನಮಗೆ ತೋರುವುದಿಲ್ಲ.

ಹಾಗಾದರೆ ಬೇಲಿಯನ್ನು ಮುರಿದು ಸಿಂಹವನ್ನು ಕಾಡಿಗೆ ಬಿಡಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಕನ್ನಡನಾಡಿನ ಕಾಡುಗಳಲ್ಲಿ ಸಿಂಹವಿಲ್ಲ. ಭಾರತದಲ್ಲಿ ಅದು ಸ್ವಚ್ಛಂದವಾಗಿ ಉಳಿದಿರುವುದು ಗುಜರಾತಿನಲ್ಲಿ ಮಾತ್ರ. ಸಿಂಹ, ಹುಲಿ, ಕರಡಿ ಮೊದಲಾದವುಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ಕೇಂದ್ರ ಸರ್ಕಾರವು 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಗ ಸರ್ಕಸ್ಸುಗಳಿಂದ ಬಿಡಿಸಿ ತಂದ ಸಿಂಹಗಳಿಗೆ ಬೆಂಗಳೂರಿನ ಬನ್ನೇರುಘಟ್ಟವೂ ಆಶ್ರಯ ಕೊಟ್ಟಿತು. ಆಫ್ರಿಕದ ತಳಿಯೊಡನೆ ಬೆರೆತ ಇಂತಹ ಸಿಂಹಗಳನ್ನು ಗಿರ್ ಕಾಡಿಗೂ ಬಿಡುವಂತಿಲ್ಲ. ಅವುಗಳ ಪಾಲಿಗೆ ಬೇಲಿಯೇ ಪಾಂಜರಪೋಳ. ಇದನ್ನು ನಾನು ಒಪ್ಪುತ್ತೇನೆ. ಆದರೆ ಪಾಂಜರಪೋಳಕ್ಕೆ ನಾವು ಹೋಗುವುದು ಮೇವು ಹಾಕುವುದಕ್ಕೆ. ಮಲಗಿದ ಮುದಿಹಸುವನ್ನು ಸಿಳ್ಳೆ ಹಾಕಿ ಎಬ್ಬಿಸುವುದಿಲ್ಲ. ಎಬ್ಬಿಸಿದವನನ್ನು ಅಲ್ಲಿ ಯಾರೂ ಯಾತ್ರಿಕನೆನ್ನುವುದಿಲ್ಲ.

ಬಸ್ಸಿಗೆ ಮರಳಿದ ಮೇಲೆ ಇನ್ನೂ ಸೂಕ್ಷ್ಮವಾದ ಪ್ರಶ್ನೆಯೊಂದೆದ್ದಿತು. ರಾಜ್ಯದ ಮೃಗಾಲಯಗಳಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ಯೋಜನೆಯಿದೆ. ದತ್ತು ಪಡೆದವರು ಕೊಟ್ಟ ಹಣ ಆ ಪ್ರಾಣಿಯ ಪಾಲನೆಗೆ ಸಲ್ಲುತ್ತದೆ. ಮಹಾವೀರ ಸ್ವಾಮಿಯ ಲಾಂಛನ ಸಿಂಹ, ಆದುದರಿಂದ ಮುಂದಿನ ಮಹಾವೀರ ಜಯಂತಿಗೆ ಬಸದಿಯ ವತಿಯಿಂದ ಒಂದು ಸಿಂಹವನ್ನು ದತ್ತು ಪಡೆಯೋಣವೆಂದು ಉತ್ಸಾಹಿಯೊಬ್ಬರು ಸೂಚಿಸಿದರು. ಹಲವರು ತಲೆದೂಗಿದರು. ಸಿಂಹದ ಪಾಲನೆಯೆಂದರೆ ಬಹುಮಟ್ಟಿಗೆ ಅದರ ಆಹಾರ, ಆಹಾರವೆಂದರೆ ಮಾಂಸ. ಕಾಡಿನ ಸಿಂಹ ಬೇಟೆಯಾಡಿದರೆ ಅದು ಅದರ ಸ್ವಭಾವ, ಅದರ ಕರ್ಮ. ಅಲ್ಲಿ ನಾವು ಕರ್ತೃಗಳಲ್ಲ. ಬೇಲಿಯೊಳಗಿನ ಸಿಂಹಕ್ಕೆ ಬೇಟೆಗಾರನೆಂದರೆ ಕಟುಕ, ಅವನಿಗೆ ಹಣ ಕೊಡುವವರು ನಾವು. ಕೃತ, ಕಾರಿತ, ಅನುಮೋದನೆ ಮೂರನ್ನೂ ಸಮನಾಗಿ ಎಣಿಸುವ ಧರ್ಮದವರು ಇದನ್ನು ಜೀವದಯೆಯ ಲೆಕ್ಕಕ್ಕೆ ಬರೆಯುವುದು ಹೇಗೆ? ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನೇ ಅನರ್ಥದಂಡಗಳಲ್ಲಿ ಸೇರಿಸಿದೆ. ಟ್ರಸ್ಟುಗಳಿಗೆ ದತ್ತು ಬೇಕೇಬೇಕೆಂದಿದ್ದರೆ ಜಿಂಕೆಯಿದೆ, ಆನೆಯಿದೆ. ಪ್ರವೇಶದ ಟಿಕೆಟ್ಟಿನ ಹಣವೂ ಅಲ್ಲಿಗೇ ಹೋಗುವುದಲ್ಲವೇ ಎಂದರೆ, ಆ ತೊಡಕನ್ನು ನಾನು ಬಿಡಿಸಲಾರೆ. ಮಕ್ಕಳಿಗೆ ತೋರಿಸಲೆಂದು ಕುಟುಂಬವೊಂದು ತಾನಾಗಿ ಹೋಗುವುದು ಬೇರೆ, ಬಸದಿಯ ಹೆಸರಿನ ಯಾತ್ರೆಯಲ್ಲಿ ಅದನ್ನು ಸೇರಿಸುವುದು ಬೇರೆ ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಸ್ವಾಮಿಯೇ ಹಿಂದಿನ ಭವದಲ್ಲಿ ಸಿಂಹವಾಗಿದ್ದನಲ್ಲವೇ ಎಂಬ ಮಾತೂ ಬಂತು. ಅಹುದು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಆ ಕಥೆಯಿದೆ. ಜಿಂಕೆಯನ್ನು ಕೊಂದ ಸಿಂಹದ ಬಳಿಗೆ ಇಬ್ಬರು ಚಾರಣಮುನಿಗಳು ಆಕಾಶದಿಂದಿಳಿದು ಬಂದು ಧರ್ಮವನ್ನು ಬೋಧಿಸಿದರು. ಸಿಂಹಕ್ಕೆ ಪೂರ್ವಜನ್ಮದ ಸ್ಮರಣೆಯಾಗಿ ಕಣ್ಣೀರು ಹರಿಯಿತು. ಅದು ವ್ರತವನ್ನು ಹಿಡಿಯಿತು. ಮಾಂಸದ ಹೊರತು ಬೇರೆ ಆಹಾರವಿಲ್ಲದ ಪ್ರಾಣಿಯಾದುದರಿಂದ ನಿರಾಹಾರವಾಗಿಯೇ ದೇಹವನ್ನು ಬಿಟ್ಟು ಸೌಧರ್ಮಕಲ್ಪದಲ್ಲಿ ದೇವನಾಯಿತು. ಆ ಮುನಿಗಳ ಮತ್ತು ಸಿಂಹದ ನಡುವೆ ಜಾಲರಿಯಿರಲಿಲ್ಲ. ಅವರು ಅದನ್ನು ನೋಡಲು ಬಂದವರೂ ಅಲ್ಲ.

ನಮ್ಮ ಕಡೆಯಿಂದ ಗಿರಿನಾರ್ ಯಾತ್ರೆಗೆ ಹೋಗುವವರಿಗೂ ಇದೇ ಆಕರ್ಷಣೆ ಎದುರಾಗುತ್ತದೆ. ಸಾಸಣದಿಂದ ಗಿರ್ ಕಾಡಿನೊಳಗೆ ಹೋದರೆ ಸಿಂಹ ಕಾಣಬಹುದು, ಕಾಣದೆಯೂ ಇರಬಹುದು. 2025ರ ಗಣತಿಯಂತೆ ಗುಜರಾತಿನ ಒಟ್ಟು ಸಿಂಹಗಳು 891. ಅಲ್ಲಿ ಸಿಂಹ ಮನೆಯೊಡೆಯ, ನಾವು ಅತಿಥಿಗಳು. ಕಾಣದೆ ಹಿಂದಿರುಗುವವರಿಗಾಗಿ ಸಮೀಪದ ದೇವಳಿಯಾದಲ್ಲಿ ಬೇಲಿ ಹಾಕಿದ ಭಾಗವುಂಟು. ತನ್ನ ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಮೃಗಗಳ ಮೊರೆಯನ್ನು ಕೇಳಿ ನೇಮಿಕುಮಾರನು ರಥವನ್ನು ತಿರುಗಿಸಿ ಏರಿದ ಬೆಟ್ಟ ಗಿರಿನಾರ್. ಆ ಬೆಟ್ಟವನ್ನಿಳಿದ ಮರುದಿನವೇ ನಾವು ಬೇಲಿಯ ಟಿಕೆಟ್ಟಿಗೆ ಸಾಲು ನಿಲ್ಲುತ್ತೇವೆ.

ಹಿಂದಿರುಗುವಾಗ ಬಸ್ಸು ಮತ್ತೆ ಗೇರುಸೊಪ್ಪೆಯ ಘಟ್ಟವನ್ನಿಳಿಯಿತು. ಸಿಂಹದಂತಹ ಬಾಲವುಳ್ಳ ಸಿಂಗಳೀಕಗಳ ಕಾಡು ಅದು. ಅವುಗಳಿಗೆಂದೇ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವೂ 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವೂ ಘೋಷಿತವಾದವು. ತಿರುವಿನಲ್ಲಿ ಬಸ್ಸು ನಿಧಾನವಾದಾಗ ಕೊಂಬೆಗಳು ಅಲುಗಿದವು. ಹುಡುಗನೊಬ್ಬ ಬಾಳೆಹಣ್ಣನ್ನು ಕಿಟಕಿಯಿಂದ ಹೊರಚಾಚಿದ.

"ಬೇಡ ತಮಾ, ಹಣ್ಣಿನ ಆಸೆಗೆ ರಸ್ತೆಗಿಳಿದು ಗಾಡಿಗೆ ಸಿಕ್ಕೀತು," ಎಂದರು ಹಿಂದಿನ ಸೀಟಿನಲ್ಲಿದ್ದ ವೃದ್ಧ ಶ್ರಾವಿಕೆ.

ಹುಡುಗ ಕೈಯನ್ನು ಒಳಗೆಳೆದುಕೊಂಡು ಹಣ್ಣನ್ನು ತಾನೇ ಸುಲಿದು ತಿಂದ.