ಕೇಸು ಗೆದ್ದ ಮರುದಿನ

ರಿಷಬ್ ಶೆಟ್ಟರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018) ಇಷ್ಟವಾಗದವರು ಕಮ್ಮಿ. ಮಕ್ಕಳ ತರಲೆ, ಗಡಿನಾಡಿನ ಕನ್ನಡ, ಕೋರ್ಟಿನಲ್ಲಿ ಅನಂತ್ ನಾಗ್ ವಾದ, ಎಲ್ಲಾ ಸೊಗಸು. ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ನಾನೂ ನಕ್ಕೆ, ಚಪ್ಪಾಳೆ ತಟ್ಟಿದೆ. ಆದರೂ ನನ್ನದೊಂದು ತಕರಾರಿದೆ.

ಸಿನಿಮಾದಲ್ಲಿ ಶಾಲೆಯ ಕಾಯಿಲೆ ಪೂರ್ತಿ ಹೊರಗಿನದು: ಕನ್ನಡ ಬಾರದ ಮೇಷ್ಟ್ರು, ಬೀಗ ಹಾಕಲು ಹೊರಟ ಅಧಿಕಾರಿ. ಹಾಗಾಗಿ ಮದ್ದೂ ಹೊರಗಿನಿಂದಲೇ ಬರುತ್ತೆ, ಮೈಸೂರಿನಿಂದ. ಕೇಸು ಗೆದ್ದಾಯ್ತು, ಶಾಲೆ ಉಳೀತು, ಶುಭಂ. ಸರಿ, ಮರುದಿನ ಗಂಟೆ ಹೊಡೆದ ಮೇಲೆ? ನಾಲ್ಕನೇ ಕ್ಲಾಸಿಗೆ ಬಂದರೂ ಅಕ್ಷರ ಕೂಡಿಸಿ ಓದಲಾರದ ಹುಡುಗಿಯ ಕಡೆ ಯಾರು ನೋಡ್ತಾರೆ? ಆ ಕಥೆ ಸಿನಿಮಾಕ್ಕೆ ಬೇಕಾಗಿಲ್ಲ.

ಗಡಿಯ ಈಚೆ, ನಮ್ಮ ಕರ್ನಾಟಕದಲ್ಲಿ, ಅದನ್ನು ನೋಡಬೇಕಾದವರು ಹೆಡ್ಮಾಸ್ಟರು. ಎಷ್ಟೋ ಹಳ್ಳಿ ಶಾಲೆಗಳಲ್ಲಿ ಅವರು ಬರೀ ‘ಪ್ರಭಾರ’. ಪಾಠವೂ ಅವರದೇ, ಬಿಸಿಯೂಟದ ಅಕ್ಕಿ-ಬೇಳೆ ಲೆಕ್ಕವೂ ಅವರದೇ, ಆನ್‌ಲೈನ್ ಎಂಟ್ರಿಯೂ ಅವರದೇ. ಗುಮಾಸ್ತರಂತೂ ಇಲ್ಲ. ನಮ್ಮ ಟೀಮ್ ಲೀಡಿಗೆ ಕ್ಯಾಂಟೀನ್ ಲೆಕ್ಕ ಒಪ್ಪಿಸಿ ‘ರಿಸಲ್ಟ್ ಎಲ್ಲಿ?’ ಅಂದರೆ ಎಷ್ಟು ದಿನ ಇರ್ತಾರೆ ಹೇಳಿ.

ಸಮಾನತೆ ಅನ್ನೋ ದೊಡ್ಡ ಮಾತು ನೆಲಕ್ಕಿಳಿಯೋದು ಇವರ ಸಣ್ಣ ತೀರ್ಮಾನಗಳಲ್ಲೇ. ಚೆನ್ನಾಗಿ ಕಲಿಸೋ ಟೀಚರನ್ನು ಒಂದನೇ ಕ್ಲಾಸಿಗೆ ಹಾಕಬೇಕಾ, ಏಳಕ್ಕಾ? ಮೂರು ದಿನ ಬಾರದ ಹುಡುಗನ ಮನೆಗೆ ಯಾರು ಹೋಗಬೇಕು? 2001ರಿಂದ ಶಾಲೆಗಳಿಗೆ ಎಸ್‌ಡಿಎಂಸಿ ಇದೆ, ಒಳ್ಳೇದೇ. ಸಭೆ ಸಂಜೆ ಇಟ್ಟರೆ ಕೂಲಿಗೆ ಹೋಗೋ ತಾಯಿ ಬರ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಬರೋದು ಊರಿನ ಯಜಮಾನರು ಮಾತ್ರ.

ಒಳಗಿನಿಂದ ಬದಲಾವಣೆ ಆಗಲ್ಲ ಅನ್ನೋ ಹಾಗೂ ಇಲ್ಲ. ಇಂದಿನ ನಲಿ-ಕಲಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಸರ್ಕಾರಿ ಮೇಷ್ಟ್ರುಗಳು ರಿಷಿವ್ಯಾಲಿಗೆ ಹೋಗಿ, ನೋಡಿ, ಬಂದು, ತಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಕಾರ್ಡುಗಳನ್ನು ತಾವೇ ಮಾಡಿಕೊಂಡರು. ಅದರಲ್ಲಿ ಕೋರ್ಟ್ ಸೀನ್ ಇಲ್ಲ, ಹಾಗಾಗಿ ಯಾರೂ ಸಿನಿಮಾ ಮಾಡಿಲ್ಲವೇನೋ.

ಶನಿವಾರ ಸಿಎಸ್‌ಆರ್ ಟೀಶರ್ಟ್ ಹಾಕ್ಕೊಂಡು ಶಾಲೆಯ ಗೋಡೆಗೆ ಬಣ್ಣ ಬಳಿದು ಬರೋ ನಮಗೂ ಈ ಸಿನಿಮಾದ ಚಾಳಿಯೇ ಇದೆ. ಶಾಲೆ ಉಳಿಸೋಕೆ ಹೊರಗಿನ ಹೀರೋ ಒಬ್ಬ ಸಾಕಾಗಬಹುದು. ನಡೆಸೋಕೆ ಬೇಕಾಗಿರೋದು ಕಾಯಂ ಹೆಡ್ಮಾಸ್ಟರು, ಜೊತೆಗೊಬ್ಬ ಗುಮಾಸ್ತ. ಕೇಳೋದಾದರೆ ಸರ್ಕಾರವನ್ನು ಅದನ್ನು ಕೇಳೋಣ.