ಅಪ್ಪಣೆ ಕೇಳಿ ಹಾಕಿದ ಡೇರೆ

ಫೋರ್ ವೀಲ್ ಡ್ರೈವ್ ಗಾಡಿಗೆ ನೀರು, ಇಂಧನ, ಟೆಂಟು ತುಂಬಿಕೊಂಡು ಒಳನಾಡಿನ ಕೆಂಪು ಮಣ್ಣಿಗೆ ವಾರಗಟ್ಟಲೆ ಹೊರಟುಬಿಡುವ ಬುಷ್ ಕ್ಯಾಂಪಿಂಗ್ ಆಸ್ಟ್ರೇಲಿಯಾದವರ ಅಚ್ಚುಮೆಚ್ಚಿನ ಹವ್ಯಾಸ. ಇದನ್ನು ಕೊಂಡಾಡುವ ಬರಹಗಳು ನಕ್ಷತ್ರ, ಮೌನ, ಏಕಾಂತಗಳಿಗೆ ಪುಟಗಟ್ಟಲೆ ಕೊಡುತ್ತವೆ. ಮೂಲನಿವಾಸಿಗಳ ನೆಲವನ್ನು ಹಾಯಲು ಪಡೆಯಬೇಕಾದ ಪರ್ಮಿಟ್ಟನ್ನು ಮಾತ್ರ, ಟಯರ್ ಗಾಳಿ ನೋಡುವ ಹಾಗೆ ಹೊರಡುವ ಮುನ್ನ ಮುಗಿಸಬೇಕಾದ ಕೆಲಸವೆಂದು ಒಂದೇ ಸಾಲಿನಲ್ಲಿ ದಾಟಿಸುತ್ತವೆ. ನನಗೆ ತೋರುವುದು ತಿರುಗುಮುರುಗಾಗಿ: ಈ ಪ್ರಯಾಣದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ಪರ್ಮಿಟ್ಟೇ. ಒಂದು ಕ್ಯಾಂಪಿಂಗ್ ಪ್ರವಾಸ ಚೆನ್ನಾಗಿತ್ತೋ ಇಲ್ಲವೋ ಎಂದು ಅಳೆಯಬೇಕಾದದ್ದು ಕಂಡ ನೋಟಗಳಿಂದಲ್ಲ, ಬೇಡ ಎಂದ ಕಡೆ ಪ್ರಯಾಣಿಕ ಹೇಗೆ ನಡೆದುಕೊಂಡ ಎಂಬುದರಿಂದ.

ಉಲೂರು ಬಂಡೆಯ ಸಮೀಪದ ಯುಲಾರಾದಿಂದ ಪಶ್ಚಿಮ ಆಸ್ಟ್ರೇಲಿಯಾದ ಲೇವರ್ಟನ್‌ವರೆಗೆ ಸುಮಾರು 1,100 ಕಿ.ಮೀ. ಹೋಗುವ ಗ್ರೇಟ್ ಸೆಂಟ್ರಲ್ ರೋಡನ್ನು ತೆಗೆದುಕೊಳ್ಳೋಣ. ಅದನ್ನು ಹಾಯಲು ಎರಡು ಪರ್ಮಿಟ್ ಬೇಕು: ನಾರ್ದರ್ನ್ ಟೆರಿಟರಿಯ ಪಾಲಿಗೆ ಸೆಂಟ್ರಲ್ ಲ್ಯಾಂಡ್ ಕೌನ್ಸಿಲ್‌ನದು ಒಂದು, ಗಡಿಯಾಚೆ ಙಾನ್ಯತ್ಜರ ಜನರ ನೆಲಕ್ಕೆ ಇನ್ನೊಂದು. ಜೊತೆಗೆ ಮದ್ಯ ಒಯ್ಯುವಂತಿಲ್ಲ. ವಾರಕುರ್ನ, ವಾರ್ಬರ್ಟನ್ ರೋಡ್‌ಹೌಸ್‌ಗಳಲ್ಲಿ ಡೇರೆಗೆ ಜಾಗವಿದೆ. ಪೆಟ್ರೋಲ್ ಕೇಳಿದರೆ ಅಲ್ಲಿ ಸಿಗುವುದು ಬೇರೆ ಬಗೆಯದು, ಮೂಸಿದರೆ ಅಮಲೇರದ ಓಪಲ್. ಪೆಟ್ರೋಲ್ ಮೂಸುವ ಚಟಕ್ಕೆ ಎಳೆಯರು ಬಲಿಯಾಗುತ್ತಿದ್ದ ಕಾರಣ 2005ರಲ್ಲಿ ಬಂದದ್ದು ಅದು. ಹೊರಗಿನವರಿಗೆ ಕಿರಿಕಿರಿಯೆನಿಸುವ ಈ ಒಂದೊಂದು ಕಟ್ಟಳೆಯ ಹಿಂದೆಯೂ ಯಾವುದೋ ಊರಿನ ಸಂಕಟವಿದೆ. ಪರ್ಮಿಟ್ ಹಿಡಿದು ಬಂದವನು ಕಾಡಿಗೆ ಬರುತ್ತಿಲ್ಲ, ಜನ ಬಾಳುತ್ತಿರುವ ಕಡೆಗೆ ಬರುತ್ತಿದ್ದಾನೆ ಎಂಬ ಸರಳ ಸಂಗತಿಯನ್ನು ಈ ಕಟ್ಟಳೆಗಳು ಮೊದಲ ದಿನವೇ ತಿಳಿಸುತ್ತವೆ.

ಪ್ರಕೃತಿ ಯಾರಪ್ಪನ ಸೊತ್ತು, ಮನುಷ್ಯರ ಕೈ ಸೋಕದ ಬಯಲಿಗೆ ಯಾರ ಅಪ್ಪಣೆ ಎಂಬುದು ಮೊದಲ ಆಕ್ಷೇಪ. ಇದರ ಬುಡವೇ ಸಡಿಲ. ಆ ಬಯಲು ಕೈ ಸೋಕದ್ದಲ್ಲ. ಇಡೀ ಖಂಡವನ್ನು ಮೂಲನಿವಾಸಿಗಳು ಲೆಕ್ಕಾಚಾರದ ಬೆಂಕಿಯಿಂದ ಸಾಕಿ ಸಲಹಿದರೆಂದು ಇತಿಹಾಸಕಾರ ಬಿಲ್ ಗ್ಯಾಮೇಜ್ 2011ರ ಗ್ರಂಥದಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ. ಅವರು ಹೇಳುವ ವ್ಯಾಪ್ತಿಯ ಬಗ್ಗೆ ತಕರಾರಿರಬಹುದು. ಪದ್ಧತಿಯ ಬಗ್ಗೆ ಅಲ್ಲ. ಪಶ್ಚಿಮ ಆರ್ನಮ್ ಲ್ಯಾಂಡಿನಲ್ಲಿ 2006ರಿಂದ ಮೂಲನಿವಾಸಿ ರೇಂಜರ್‌ಗಳು ಒಣ ಋತುವಿನ ಮೊದಲ ದಿನಗಳಲ್ಲೇ ಹುಲ್ಲನ್ನು ತುಂಡುತುಂಡಾಗಿ ಸುಟ್ಟು ಮುಂದಿನ ದೊಡ್ಡ ಕಾಡ್ಗಿಚ್ಚನ್ನು ತಡೆಯುತ್ತಿದ್ದಾರೆ. ಅದರಿಂದ ತಗ್ಗಿದ ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಅನಿಲ ಕಂಪನಿಯೊಂದು ಹಣ ಕೊಡುತ್ತಾ ಬಂದಿತು. ಇನ್ನು ಈ ಹವ್ಯಾಸಿಗಳು ಪೂಜಿಸುವ ಒಳನಾಡಿನ ಹಾದಿಗಳಾದರೂ ಸಾಹಸಕ್ಕೆಂದು ಹುಟ್ಟಿದವಲ್ಲ. ಗನ್‌ಬ್ಯಾರೆಲ್ ಹೈವೇಯನ್ನು ಲೆನ್ ಬೀಡೆಲ್ ತಂಡ 1950ರ ದಶಕದಲ್ಲಿ ಕಡಿದದ್ದು ವೂಮೆರಾದ ಕ್ಷಿಪಣಿ ಪರೀಕ್ಷೆಗಳ ಅನುಕೂಲಕ್ಕೆ. ಅಲ್ಲಿ ಬಾಳುತ್ತಿದ್ದವರನ್ನು ಆಗ ಯಾರೂ ಕೇಳಿರಲಿಲ್ಲ. ಬಯಲು ಖಾಲಿಯಿದೆ ಎಂಬ ಭಾವನೆಯನ್ನು ಈ ಹಾದಿಗಳೇ ಹರಡಿದವು. ಇಂದು ಅದೇ ಹಾದಿಯಲ್ಲಿ ಕೇಳಿಕೊಂಡು ಹೋಗುವುದು ಆ ಚರಿತ್ರೆಗೆ ಕೊಡಬಹುದಾದ ಕನಿಷ್ಠ ಉತ್ತರ.

ಕಾನೂನೇಕೆ, ವಿನಂತಿಸಿದರೆ ಸಾಲದೇ ಎಂದು ಕೇಳುವವರಿಗೆ ಉಲೂರಿನ ಕಥೆ ಎರಡು ಬಾಯಿಯಿಂದ ಉತ್ತರಿಸುತ್ತದೆ. 1985ರ ಅಕ್ಟೋಬರ್ 26ರಂದು ಬಂಡೆ ಅನಂಗು ಜನರಿಗೆ ಮರಳಿತು. ದಯವಿಟ್ಟು ಹತ್ತಬೇಡಿ ಎಂಬ ಅವರ ಕೋರಿಕೆ ಬಂಡೆಯ ಬುಡದಲ್ಲೇ ಫಲಕವಾಗಿ ನಿಂತಿತ್ತು. 1990ರ ದಶಕದಲ್ಲಿ ಬಂದವರ ಪೈಕಿ ನಾಲ್ಕರಲ್ಲಿ ಮೂರು ಪಾಲು ಜನ ಹತ್ತುತ್ತಿದ್ದರು. 2015ರ ಹೊತ್ತಿಗೆ ಅದು ಶೇ. 16ಕ್ಕೆ ಇಳಿದಿತ್ತು. ವಿನಂತಿ ಕೆಲಸ ಮಾಡಿತು, ನಿಜ. ಆದರೆ 2019ರ ಅಕ್ಟೋಬರ್ 26ರಿಂದ ಹತ್ತುವುದು ಪೂರ್ತಿ ಬಂದ್ ಎಂದು ಗೊತ್ತಾದದ್ದೇ ತಡ, ಕೊನೆಯ ಅವಕಾಶವೆಂದು ಜನ ಮುಗಿಬಿದ್ದರು. ಯುಲಾರಾದ ಕ್ಯಾಂಪ್‌ಗಳು ಭರ್ತಿಯಾದವು. ಜಾಗ ಸಿಗದವರು ರಸ್ತೆ ಬದಿಯಲ್ಲಿ, ಅಪ್ಪಣೆಯಿಲ್ಲದ ನೆಲದಲ್ಲಿ ಡೇರೆ ಹಾಕಿದರು, ಕ್ಯಾರವಾನ್‌ಗಳ ಮಲವನ್ನು ಅಲ್ಲೇ ಸುರಿದು ಹೋದರು. ಒಳ್ಳೆಯ ಮನಸ್ಸಿನವರಿಗೆ ಕೋರಿಕೆ ಸಾಕು, ಉಳಿದವರಿಗೆ ಕಟ್ಟಳೆ ಬೇಕು. ಉಳಿದವರಲ್ಲಿ ಸರ್ಕಾರವೂ ಸೇರಿದೆ. ಕಾಕಡು ಉದ್ಯಾನದ ಗುನ್ಲೊಮ್, ಕ್ಯಾಂಪಿಂಗ್‌ಗೆ ಹೆಸರಾದ ಜಲಪಾತ. ಅಲ್ಲಿಯ ಪವಿತ್ರ ಸ್ಥಳದ ಬಳಿ ಉದ್ಯಾನ ಆಡಳಿತವೇ ಅಪ್ಪಣೆ ಪಡೆಯದೆ ಕಾಲುಹಾದಿ ಕಟ್ಟಿದ್ದರಿಂದ ಜಾಗ 2019ರಲ್ಲಿ ಮುಚ್ಚಿತು. ಪವಿತ್ರ ಸ್ಥಳಗಳ ಕಾಯ್ದೆ ಉದ್ಯಾನಗಳ ನಿರ್ದೇಶಕರಿಗೂ ಅನ್ವಯಿಸುತ್ತದೆ ಎಂದು ಹೈಕೋರ್ಟ್ 2024ರಲ್ಲಿ ತೀರ್ಪಿತ್ತಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಬಾಗಿಲು ಹಾಕಿದ ನೆಲದಲ್ಲಿ ಅನ್ಯಾಯ ಮರೆಯಾಗಿ ಉಳಿಯುತ್ತದೆ ಎಂಬುದು. 2007ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ಮೇಲಿನ ದೌರ್ಜನ್ಯದ ವರದಿಯೊಂದನ್ನು ಮುಂದಿಟ್ಟುಕೊಂಡು ನಾರ್ದರ್ನ್ ಟೆರಿಟರಿಯಲ್ಲಿ ಮಧ್ಯಪ್ರವೇಶಿಸಿದಾಗ, ದೊಡ್ಡ ಊರುಗಳ ಸಾರ್ವಜನಿಕ ಜಾಗಗಳಿಗೂ ಅಲ್ಲಿಗೆ ಹೋಗುವ ರಸ್ತೆಗಳಿಗೂ ಇದ್ದ ಪರ್ಮಿಟ್ ನಿಯಮವನ್ನು ಇದೇ ಕಾರಣ ಹೇಳಿ ತೆಗೆಯಿತು. ಆ ವರದಿಯ 97 ಶಿಫಾರಸುಗಳಲ್ಲಿ ಪರ್ಮಿಟ್ ತೆಗೆಯಿರಿ ಎಂಬುದು ಇರಲೇ ಇಲ್ಲ. ಪೊಲೀಸರನ್ನಾಗಲಿ ನರ್ಸನ್ನಾಗಲಿ ಪರ್ಮಿಟ್ ತಡೆಯುತ್ತಿರಲಿಲ್ಲ. ತಡೆಯುತ್ತಿದ್ದದ್ದು ಕೆಲಸವಿಲ್ಲದೆ ಬರುವವರನ್ನು, ಕಳ್ಳತನದಲ್ಲಿ ಮದ್ಯ ಮಾರುವವರನ್ನು. ಕ್ಯಾಮೆರಾ ಹಿಡಿದ ಪ್ರವಾಸಿ ಹಾದು ಹೋದ ಮಾತ್ರಕ್ಕೆ ಯಾವ ಮಗುವಿಗೂ ರಕ್ಷಣೆ ಸಿಗುವುದಿಲ್ಲ.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವ ಆಕ್ಷೇಪ ಕೊನೆಯದು. ಹಾಯ್ದುಹೋಗುವ ಪರ್ಮಿಟ್ ಬರೀ ಕಾಗದ, ಅದನ್ನು ಹಿಡಿದವರು ರೋಡ್‌ಹೌಸ್‌ನಿಂದ ರೋಡ್‌ಹೌಸಿಗೆ ಧೂಳೆಬ್ಬಿಸಿ ಹೋಗುತ್ತಾರೆ, ಒಬ್ಬರನ್ನೂ ಮಾತಾಡಿಸುವುದಿಲ್ಲ ಎನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ಒಪ್ಪದ ಅರ್ಧವೆಂದರೆ, ವಾರ್ಬರ್ಟನ್‌ನ ಜನ ಬಂದವರಿಗೆಲ್ಲ ದರ್ಶನ ಕೊಡಬೇಕಾದ ಋಣವೇನೂ ಇಲ್ಲ. ಅವರ ಪಾಡಿಗೆ ಅವರನ್ನು ಬಿಡುವುದೂ ಗೌರವವೇ. ಒಪ್ಪುವ ಅರ್ಧಕ್ಕೆ ಪರಿಹಾರ ಪರ್ಮಿಟ್ ತೆಗೆಯುವುದಲ್ಲ, ಅದಕ್ಕೆ ಜೀವ ತುಂಬುವುದು. ಕಿಂಬರ್ಲಿಯಲ್ಲಿ ವುನಂಬಲ್ ಗಾಂಬೆರ ಜನರು ಕೊಡುವ ಉಂಗೂ ವಿಸಿಟರ್ ಪಾಸ್ ಎಲ್ಲಿ ಹೋಗಬಹುದು, ಎಲ್ಲಿ ಕೂಡದು ಎಂದು ತಿಳಿಸುತ್ತದೆ, ಅದರ ಹಣ ನೆಲ ಕಾಯುವ ಕೆಲಸಕ್ಕೆ ಹೋಗುತ್ತದೆ. ಈಶಾನ್ಯ ಆರ್ನಮ್ ಲ್ಯಾಂಡಿನಲ್ಲಿ ಯೋಲ್ಞು ಜನರ ಧಿಮುರ್ರು ಸಂಸ್ಥೆ ಡೇರೆ ಹಾಕುವ ತಾಣಗಳನ್ನು ತಾನೇ ಗೊತ್ತುಮಾಡಿ, ತಾನೇ ನೋಡಿಕೊಳ್ಳುತ್ತದೆ. ಗ್ರೇಟ್ ಸೆಂಟ್ರಲ್ ರೋಡಿನ ಪರ್ಮಿಟ್ ಈ ಮಟ್ಟಕ್ಕೆ ಏರಬೇಕು, ಅದಕ್ಕೆ ಶುಲ್ಕ ಇಟ್ಟರೂ ತಪ್ಪಿಲ್ಲ. ಪ್ರವಾಸ ಕಂಪನಿಗಳೂ ಸಾವೋ ಆಚರಣೆಯೋ ಒದಗಿದಾಗ ದಾರಿ ಮುಚ್ಚಬಹುದು ಎಂಬುದನ್ನು ಜಾಹೀರಾತಿನಲ್ಲೇ ಹೇಳಬೇಕು. ಅಂಥ ದಿನ ಗೊಣಗದೆ ಗಾಡಿ ತಿರುಗಿಸಲಾಗದವರಿಗೆ ಮೋಜಿನ ಕ್ಯಾಂಪಿಂಗ್‌ಗೆ ಆ ವಿಶಾಲ ಖಂಡದಲ್ಲಿ ಬೇರೆ ಜಾಗಗಳು ಬೇಕಾದಷ್ಟಿವೆ. ಈ ಹಾದಿ ಅವರಿಗಲ್ಲ.