ಕಷ್ಟಕಾಲಕ್ಕೊಂದು ಕಾದಂಬರಿ

ಕಾದಂಬರಿಯೊಂದರ ಗುಣದೋಷ ಹೇಳುವ ಅಧಿಕಾರ ನನಗೆಷ್ಟಿದೆಯೋ ತಿಳಿಯದು. ಓದಿದ್ದು ಬಿ.ಎಸ್‌ಸಿ.; ಮಾಡುತ್ತಿರುವುದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ವಿಮರ್ಶೆಯ ಪರಿಭಾಷೆ ನಮ್ಮ ಫೈಲುಗಳಲ್ಲಿ ಬರುವುದಿಲ್ಲ. ಆದರೂ ಹುಡುಗಿಯರ ಪುಸ್ತಕವೆಂದೇ ಹೆಸರಾದ ಒಂದು ಕಾದಂಬರಿ ನಡುವಯಸ್ಸಿನ ಗಂಡಸಿಗೆ ಹೇಗೆ ಆಸರೆಯಾಯಿತು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆಯಾದ್ದರಿಂದ, ಸಂಪಾದಕರು ಕೊಟ್ಟ ಈ ಪುಟಗಳಲ್ಲಿ ಅದನ್ನೇ ಓದುಗರ ಮುಂದಿಡುತ್ತೇನೆ.

2021ರ ಮೇ ತಿಂಗಳು. ಮುಂಬಯಿಯಲ್ಲಿ ಕೊರೋನಾದ ಎರಡನೆಯ ಅಲೆ. ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ನಾನು, ಹೆಂಡತಿ, ಹದಿನಾಲ್ಕು ವರ್ಷದ ಮಗಳು, ಮೂವರೂ ಸೋಂಕು ತಗಲಿ ಬಾಗಿಲು ಹಾಕಿಕೊಂಡು ಕುಳಿತಿದ್ದೆವು. ಅದೇ ವಾರ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ತಂದೆ ತೀರಿಕೊಂಡರು. ಹೋಗುವಂತಿರಲಿಲ್ಲ. ಚಿಕ್ಕಪ್ಪನ ಮಗ ಫೋನಿನಲ್ಲಿ ತೋರಿಸಿದಷ್ಟನ್ನು ನೋಡಿದೆ. ನಡುವೆ ಚಿತ್ರ ನಿಂತುಹೋಯಿತು, ಮತ್ತೆ ಬಂದಾಗ ಎಲ್ಲ ಮುಗಿದಿತ್ತು. ಇಂಥದು ನಮ್ಮ ಸಂಘದ ಅನೇಕ ಮನೆಗಳಲ್ಲಿ ನಡೆದಿದೆ. ಹೆಚ್ಚು ವಿವರಿಸುವ ಅಗತ್ಯವಿಲ್ಲ.

ನಿದ್ದೆ ಬಾರದ ಆ ರಾತ್ರಿಗಳಲ್ಲಿ ಮೊದಲು ಕೈಗೆತ್ತಿಕೊಂಡದ್ದು ಭೈರಪ್ಪನವರ 'ಗೃಹಭಂಗ'. 1970ರಲ್ಲಿ ಬಂದ ಆ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲೇ ಓದಿದ್ದೆ. ನಮ್ಮ ಕಡೆಯ ಮಣ್ಣು, ನಮ್ಮ ಕಡೆಯ ಮಾತು ಸಿಕ್ಕೀತೆಂಬ ಆಸೆ. ಆದರೆ ಪ್ಲೇಗು ಬರುವ ಭಾಗಕ್ಕೆ ಬಂದಾಗ ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ ಒಬ್ಬರ ಹಿಂದೊಬ್ಬರು ಹೋಗುವುದನ್ನು ಓದಲಾಗದೆ ಪುಸ್ತಕ ಮುಚ್ಚಿದೆ. ಅದು ಕೃತಿಯ ಸೋಲಲ್ಲ. ಅಷ್ಟು ನಿಜವಾಗಿ ಬರೆದದ್ದೇ ಅದರ ದೊಡ್ಡಸ್ತಿಕೆ. ಆದರೆ ಆ ನಿಜ ಹೊರಗೆ ಬೀದಿಯಲ್ಲಿ ಆಂಬುಲೆನ್ಸಿನ ಕೂಗಾಗಿ ಹೋಗುತ್ತಿದ್ದಾಗ, ಒಳಗೂ ಅದನ್ನೇ ತಾಳಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಮಗಳ ಹಾಸಿಗೆಯ ಪಕ್ಕದಲ್ಲಿ ಬಿದ್ದಿದ್ದದ್ದು 'ಆನ್ ಆಫ್ ಗ್ರೀನ್ ಗೇಬಲ್ಸ್'. ಮಾಟುಂಗಾದ ಫುಟ್‌ಪಾತಿನ ಹಳೆ ಪುಸ್ತಕದವರಿಂದ ಕೊಂಡು ತಂದ, ರಟ್ಟು ಕಿತ್ತುಹೋದ ಪ್ರತಿ. ಕೆನಡಾ ದೇಶದ ಲೂಸಿ ಮಾಡ್ ಮಾಂಟ್‌ಗೊಮರಿ ಎಂಬ ಲೇಖಕಿಯ ಕೃತಿ. 1908ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಪ್ರಕಟವಾಯಿತು. ಎಷ್ಟೋ ಮಂದಿ ಪ್ರಕಾಶಕರು ಹಿಂದಿರುಗಿಸಿದ ಮೇಲೆ ಲೇಖಕಿ ಹಸ್ತಪ್ರತಿಯನ್ನು ಟೋಪಿಯ ಪೆಟ್ಟಿಗೆಯೊಳಗೆ ಹಾಕಿ ಮರೆತಿದ್ದರಂತೆ.

ಕಥೆ ಸರಳ. ಪ್ರಿನ್ಸ್ ಎಡ್ವರ್ಡ್ ದ್ವೀಪದ ಅವನ್‌ಲೀ ಎಂಬ ಹಳ್ಳಿಯಲ್ಲಿ ಮದುವೆಯಾಗದೆ ವಯಸ್ಸಾದ ಅಣ್ಣ ತಂಗಿ, ಮ್ಯಾಥ್ಯೂ ಮತ್ತು ಮರಿಲ್ಲಾ. ಹೊಲದ ಕೆಲಸಕ್ಕೆ ನೆರವಾಗಲೆಂದು ಅನಾಥಾಶ್ರಮದಿಂದ ಒಬ್ಬ ಹುಡುಗನನ್ನು ಬೇಡುತ್ತಾರೆ. ಯಾರದೋ ತಪ್ಪಿನಿಂದ ರೈಲ್ವೆ ಸ್ಟೇಷನ್ನಿನಲ್ಲಿ ಬಂದು ಕುಳಿತವಳು ಹನ್ನೊಂದು ವರ್ಷದ, ಕೆಂಪು ಕೂದಲಿನ, ಬಾಯಿಗೆ ಬಿಡುವಿಲ್ಲದ ಹುಡುಗಿ, ಆನ್ ಶರ್ಲಿ. ಹೆಂಗಸರೆಂದರೆ ಹೆದರುವ, ಮಾತೇ ಆಡದ ಮ್ಯಾಥ್ಯೂ ಆ ಮಗುವಿಗೆ 'ನೀನು ಬೇಕಾಗಿದ್ದವಳಲ್ಲ' ಎಂದು ಹೇಳಲಾರ. ಹೇಳುವ ಕೆಲಸ ತಂಗಿಗೇ ಇರಲಿ ಎಂದು ಬಂಡಿಯಲ್ಲಿ ಮನೆಗೆ ಕರೆತರುತ್ತಾನೆ. ದಾರಿಯುದ್ದಕ್ಕೂ ಹುಡುಗಿ ಮಾತಾಡುತ್ತಲೇ ಇರುತ್ತಾಳೆ, ಅವನು ಕೇಳುತ್ತಲೇ ಇರುತ್ತಾನೆ. ಮನೆ ಹತ್ತಿರವಾದಷ್ಟೂ ಅವನಿಗೆ ಭಯ ಹೆಚ್ಚುತ್ತದೆ, ಓದುಗನಿಗೂ.

ಇಲ್ಲಿ ನನಗೊಂದು ವಿಷಯ ಹೊಳೆಯಿತು. 'ಗೃಹಭಂಗ' ಮುಗಿಯುವುದು ತಾಯಿ ಸತ್ತು ಉಳಿದ ವಿಶ್ವ ಎಂಬ ಹುಡುಗ ಮಹಾದೇವಯ್ಯನವರ ಜೊತೆ ಊರು ಬಿಟ್ಟು ಹೊರಡುವಲ್ಲಿ. 'ಆನ್' ಶುರುವಾಗುವುದೇ ಅಂಥ ಒಂದು ಮಗು ಬೇರೊಂದು ಊರಿಗೆ ಬಂದಿಳಿಯುವಲ್ಲಿ. ಆನ್‌ಳ ತಂದೆತಾಯಿ ಆಕೆ ಮೂರು ತಿಂಗಳ ಕೂಸಾಗಿದ್ದಾಗ ಜ್ವರದಲ್ಲಿ ತೀರಿಕೊಂಡವರು. ಆಮೇಲೆ ಬೇರೆಯವರ ಮನೆಗಳಲ್ಲಿ ಮಕ್ಕಳನ್ನು ಎತ್ತಿ ಆಡಿಸುವ ಚಾಕರಿ. ಒಂದು ಮನೆಯಲ್ಲಂತೂ ಮೂರು ಜೊತೆ ಅವಳಿ ಮಕ್ಕಳು! ಇದನ್ನೆಲ್ಲ ಲೇಖಕಿ ಒಂದೆರಡು ಪುಟಗಳಲ್ಲಿ ಹೇಳಿ ಮುಂದೆ ಹೋಗುತ್ತಾರೆ. ದೊಡ್ಡವರ ಕಾದಂಬರಿ ಮನೆ ಮುರಿಯುವುದನ್ನು ಹೇಳಿದರೆ ಹರೆಯದವರ ಕಾದಂಬರಿ ಮುರಿದ ಮೇಲಿನದನ್ನು ಹೇಳುತ್ತದೆ. ಹೀಗಾಗಿ ಇವನ್ನು ಓದುವುದು ಪಲಾಯನ ಎಂಬ ಮಾತನ್ನು ನಾನು ಒಪ್ಪಲಾರೆ. ದುಃಖ ಇಲ್ಲಿ ಕಥೆಯಿಂದ ಹೊರಗಿಲ್ಲ. ಕಥೆ ಹೊರಡುವುದೇ ಅದರಿಂದ.

ಕೃತಿಯ ಹೆಚ್ಚಿನ ಪುಟಗಳು ಸಣ್ಣಪುಟ್ಟ ಅನಾಹುತಗಳವು. ಕೂದಲನ್ನು ಅಣಕಿಸಿದ ಗಿಲ್ಬರ್ಟನ ತಲೆಯ ಮೇಲೆ ಆನ್ ಸ್ಲೇಟು ಒಡೆಯುತ್ತಾಳೆ. ಹಣ್ಣಿನ ಪಾನಕವೆಂದು ಗೆಳತಿ ಡಯಾನಾಳಿಗೆ ವೈನ್ ಕುಡಿಸುತ್ತಾಳೆ. ಕೇಕಿಗೆ ವೆನಿಲ್ಲಾ ಬದಲು ನೋವಿಗೆ ಹಚ್ಚುವ ಔಷಧ ಸುರಿಯುತ್ತಾಳೆ. ಇವೆಲ್ಲ ತಿದ್ದಬಹುದಾದ ತಪ್ಪುಗಳು. ತಿದ್ದಲಾಗದ ಸಂಗತಿಗಳ ನಡುವೆ ಕುಳಿತವನಿಗೆ ಇಂಥ ತಪ್ಪುಗಳ ಸಹವಾಸ ಎಷ್ಟು ಹಿತವೆಂಬುದನ್ನು ಬಲ್ಲವನೇ ಬಲ್ಲ. ಇವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಮ್ಯಾಥ್ಯೂ ಆನ್‌ಳಿಗೆ ಉಬ್ಬುತೋಳಿನ ಫ್ರಾಕ್ ಕೊಳ್ಳಲು ಪೇಟೆಗೆ ಹೋಗುವ ಪ್ರಸಂಗ. ಅಂಗಡಿಯಲ್ಲಿ ಇದಿರಾದವಳು ಹೆಂಗಸು. ಇವನಿಗೆ ಬಾಯೇ ಬಾರದು. ಕೊನೆಗೆ ಒಂದು ಕಸ ಗೋರುವ ಕುಂಟೆ, ಇಪ್ಪತ್ತು ಪೌಂಡು ಕಂದು ಸಕ್ಕರೆ ಹೊತ್ತು ಮನೆಗೆ ಬರುತ್ತಾನೆ. ಅದನ್ನೋದುತ್ತ ನಗು ಬಂತು. ನಗು ನಿಂತ ಮೇಲೆ, ನಾನು ಊರಿನಿಂದ ಹೊರಡುವಾಗಲೆಲ್ಲ ಬಸ್‌ಸ್ಟಾಂಡಿಗೆ ತೆಂಗಿನಕಾಯಿ ಚೀಲ ಹೊತ್ತು ಬಂದು, ಮಾತಿಲ್ಲದೆ ನಿಂತು, ಬಸ್ಸು ಅಲುಗಿದಾಗ ಕಿಟಕಿಯಿಂದ ಮಡಿಸಿದ ನೋಟೊಂದನ್ನು ಜೇಬಿಗೆ ತುರುಕುತ್ತಿದ್ದ ನನ್ನ ತಂದೆ ನೆನಪಾದರು. ನಾನು ಸರ್ಕಾರಿ ಸಂಬಳ ತರತೊಡಗಿದ ಮೇಲೂ ಆ ನೋಟು ನಿಲ್ಲಲಿಲ್ಲ.

ಒಟ್ಟು 38 ಅಧ್ಯಾಯಗಳಲ್ಲಿ 37ನೆಯದು ಮ್ಯಾಥ್ಯೂನ ಸಾವು. ಕೈಯಲ್ಲಿ ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತವನು ಕುಸಿಯುತ್ತಾನೆ. ಮನೆಯವರ ಉಳಿತಾಯವೆಲ್ಲ ಇದ್ದ ಬ್ಯಾಂಕು ಮುಳುಗಿದ ಸುದ್ದಿ ಅದರಲ್ಲಿತ್ತು. ಆನ್‌ಗೆ ಮೊದಲು ಅಳುವೇ ಬಾರದು. ರಾತ್ರಿ ಎಚ್ಚರವಾಗಿ ಅತ್ತಾಗ, ಎಂದೂ ಪ್ರೀತಿಯನ್ನು ಬಾಯಲ್ಲಿ ಆಡದ ಮರಿಲ್ಲಾ ಎದ್ದು ಬಂದು ಪಕ್ಕದಲ್ಲಿ ಕೂರುತ್ತಾಳೆ. ಇಷ್ಟನ್ನು ಯಾವ ಒಳ್ಳೆಯ ಲೇಖಕರಾದರೂ ಬರೆದಾರು. ಮಾಂಟ್‌ಗೊಮರಿಯವರ ಪ್ರತಿಭೆ ಕಾಣುವುದು ಆನಂತರದ ಪುಟದಲ್ಲಿ. ಕೆಲವು ದಿನಗಳು ಕಳೆದ ಮೇಲೆ ಮರಗಳ ಹಿಂದೆ ಸೂರ್ಯ ಹುಟ್ಟುವುದನ್ನು ಕಂಡು ಆನ್‌ಗೆ ಮೊದಲಿನಂತೆಯೇ ಸಂತೋಷವಾಗುತ್ತದೆ. ಡಯಾನಾ ಏನೋ ಹೇಳಿದರೆ ನಗು ಬರುತ್ತದೆ. ಆಗ ಆಕೆಗೆ ನಾಚಿಕೆ. ಮ್ಯಾಥ್ಯೂ ಇಲ್ಲದಾಗ ಇದೆಲ್ಲ ಚೆನ್ನಾಗಿ ಕಾಣುವುದು ದ್ರೋಹವಲ್ಲವೇ ಎಂಬ ಅಳುಕು. ಪಾದ್ರಿಯ ಹೆಂಡತಿಯ ಬಳಿ ಹೋಗಿ ಅದನ್ನು ಹೇಳಿಕೊಳ್ಳುತ್ತಾಳೆ. ಇದ್ದಾಗ ನಿನ್ನ ನಗುವನ್ನು ಇಷ್ಟಪಟ್ಟವನು ಈಗಲೂ ಇಷ್ಟಪಡುತ್ತಾನೆ ಎಂಬರ್ಥದ ಉತ್ತರ ಸಿಗುತ್ತದೆ.

ದುಃಖದ ಬಗ್ಗೆ ಬರೆದವರು ಬೇಕಾದಷ್ಟು ಜನ. ದುಃಖ ಸಡಿಲವಾಗುವಾಗಿನ ಈ ಅಪರಾಧಭಾವವನ್ನು ಹಿಡಿದವರು ಕಡಮೆ. ತಂದೆ ಹೋದ ಐದನೆಯ ದಿನ ನನ್ನ ಮಗಳು ಫೋನಿನಲ್ಲಿ ಏನನ್ನೋ ನೋಡಿ ಜೋರಾಗಿ ನಕ್ಕಳು. ನಾನು ಗದರಿದೆ. ಅವಳು ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗಿದಳು. ಈ ಪುಟ ಓದಿದ್ದು ಅದರ ಮಾರನೆಯ ರಾತ್ರಿ. ಬೆಳಿಗ್ಗೆ ಅವಳನ್ನು ಕರೆದು, ನಿನ್ನೆ ಏನು ನೋಡಿ ನಕ್ಕೆ, ನನಗೂ ತೋರಿಸು ಎಂದೆ. ಒಂದು ಬೆಕ್ಕು ಫ್ರಿಜ್ಜಿನ ಮೇಲಿನಿಂದ ಹಾರಲು ಹೋಗಿ ಬಕೆಟ್ಟಿಗೆ ಬೀಳುವ ದೃಶ್ಯ. ಅಂಥ ವಿಶೇಷವೇನೂ ಇರಲಿಲ್ಲ.

ಈ ಕಾದಂಬರಿಯನ್ನು ನನಗಿಂತ ಎಷ್ಟೋ ಘೋರವಾದ ಕಾಲದಲ್ಲಿ ನೆಚ್ಚಿಕೊಂಡವರಿದ್ದಾರೆ. ಜಪಾನಿನ ಹನಾಕೊ ಮುರಾಓಕ ಎಂಬಾಕೆಗೆ 1939ರಲ್ಲಿ, ದೇಶ ಬಿಟ್ಟು ಹೊರಟ ಕೆನಡಾದ ಮಿಷನರಿ ಗೆಳತಿಯೊಬ್ಬಳು ತನ್ನ ಪ್ರತಿಯನ್ನು ಕೊಟ್ಟು ಹೋದಳು. ಯುದ್ಧ ಶುರುವಾಗಿ ಇಂಗ್ಲಿಷು ಶತ್ರುವಿನ ಭಾಷೆಯಾದ ದಿನಗಳಲ್ಲಿ, ಟೋಕಿಯೋ ಮೇಲೆ ಬಾಂಬು ಬೀಳುತ್ತಿದ್ದಾಗ, ಆಕೆ ಗುಟ್ಟಾಗಿ ಇದನ್ನು ಅನುವಾದಿಸಿ ಹಸ್ತಪ್ರತಿಯನ್ನು ಜೋಪಾನ ಮಾಡಿದಳು. ತನ್ನ ಮಗನನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ತಾಯಿ ಆಕೆ. ಅನುವಾದ ಅಚ್ಚಾದದ್ದು 1952ರಲ್ಲಿ. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಒಂದು ಪೀಳಿಗೆಯ ಹುಡುಗಿಯರು ಈ ಕೆಂಪು ಕೂದಲಿನ ಅನಾಥೆಯನ್ನು ತಮ್ಮವಳೆಂದು ಸ್ವೀಕರಿಸಿದರು. ಆ ಅನುವಾದವನ್ನು ಪ್ರಕಟಿಸು ಎಂದು ಆಕೆಗೆ ಯಾರೂ ಆದೇಶ ಕೊಟ್ಟಿರಲಿಲ್ಲ, ಪ್ರಕಟವಾಗುವ ಭರವಸೆಯೂ ಇರಲಿಲ್ಲ. ದಿನಕ್ಕಿಷ್ಟು ಎಂದು ಮಾಡಬಹುದಾದ ಒಂದು ಕೆಲಸವಿತ್ತು, ಮಾಡಿದಳು.

ಹಾಗೆಂದು ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಆನ್‌ಳ ಮಾತು ಕೆಲವೆಡೆ ತಲೆನೋವು ತರಿಸುತ್ತದೆ. ಹೂವು, ಕೊಳ, ಸಂಜೆಯ ಬಣ್ಣ ಇವುಗಳ ವರ್ಣನೆಯಲ್ಲಿ ಅರ್ಧ ತೆಗೆದರೂ ನಷ್ಟವಿಲ್ಲ. ಕೊನೆಯ ವರ್ಷಗಳನ್ನು ಲೇಖಕಿ ಅವಸರದಲ್ಲಿ ಓಡಿಸುತ್ತಾರೆ. ಊರಿನ ಗಡಸು ಹೆಂಗಸರೆಲ್ಲ ಒಳಗೊಳಗೆ ಒಳ್ಳೆಯವರೇ ಆಗಿಬಿಡುವುದು ತುಸು ಸಲೀಸು. ಹೆಚ್ಚಿನ ದೋಷವೆಂದರೆ, ಈ ಹಳ್ಳಿಯ ಪ್ರೀತಿಗೆ ಬೇಲಿಯಿದೆ. ಕೂಲಿಗೆ ಬರುವ ಫ್ರೆಂಚ್ ಹುಡುಗರ ಬಗ್ಗೆ ಮರಿಲ್ಲಾ ಆಡುವ ತಾತ್ಸಾರದ ಮಾತುಗಳನ್ನು ಲೇಖಕಿ ಎಲ್ಲಿಯೂ ಪ್ರಶ್ನಿಸುವುದಿಲ್ಲ. ಹೊರಗಿನಿಂದ ಬಂದ ಕೂಲಿಯವನನ್ನು ಮಹಾನಗರ ಹೇಗೆ ನೋಡುತ್ತದೆಂದು ಬಲ್ಲ ನಮ್ಮಂಥವರಿಗೆ ಅದು ಚುಚ್ಚಲೇಬೇಕು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಲಕಿತು. ಮಾಂಟ್‌ಗೊಮರಿಯವರು ತಾವೇ 21 ತಿಂಗಳ ಮಗುವಾಗಿದ್ದಾಗ ತಾಯಿಯನ್ನು ಕಳೆದುಕೊಂಡು, ಅಜ್ಜ ಅಜ್ಜಿಯ ಶಿಸ್ತಿನ ಮನೆಯಲ್ಲಿ ಬೆಳೆದವರು. ಮುಂದೆ ಕೈಹಿಡಿದ ಪಾದ್ರಿಗೆ ಮನೋವ್ಯಾಧಿ. ಅದನ್ನು ಊರಿನಿಂದ ಮುಚ್ಚಿಡುತ್ತ ಸಂಸಾರ ನಡೆಸಿದರು, ಬರೆಯುತ್ತಲೇ ಹೋದರು. 1942ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಖಿನ್ನತೆಯಿಂದ ನೊಂದಿದ್ದ ಆಕೆ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ಕುಟುಂಬ ನಂಬಿದ್ದುದನ್ನು ಮೊಮ್ಮಗಳು 2008ರಲ್ಲಿ ಬಹಿರಂಗವಾಗಿ ಬರೆದರು. ಜೀವನಚರಿತ್ರೆಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಹಾಗಾದರೆ ಈ ಪುಸ್ತಕದ ಸಮಾಧಾನ ಸುಳ್ಳೇ? ಬಹಳ ಯೋಚಿಸಿದ್ದೇನೆ. ಸುಳ್ಳಲ್ಲ ಎಂದೇ ನನ್ನ ತೀರ್ಮಾನ. ದೀಪ ಹಿಡಿದವರಿಗೆ ತಮ್ಮ ಕಾಲಡಿಯೇ ಕತ್ತಲಿರಬಹುದು. ಆದರೆ ಸಮಾಧಾನಕ್ಕೆ ಒಂದು ಮಿತಿ ಇದೆಯೆಂಬುದನ್ನೂ ಇದರಿಂದ ಕಲಿತೆ. ಪುಸ್ತಕ ಒಂದು ರಾತ್ರಿಯನ್ನು ದಾಟಿಸುತ್ತದೆ. ಅದಕ್ಕೂ ಮಿಗಿಲಾದದ್ದಕ್ಕೆ ಪಕ್ಕದ ಕೋಣೆಯಿಂದ ಎದ್ದು ಬರುವ ಮರಿಲ್ಲಾ ಬೇಕು, ವೈದ್ಯರೂ ಬೇಕು.

ಕನ್ನಡದಲ್ಲಿ ಇಂಥವು ಏಕೆ ಕಡಮೆ ಎಂದು ನೀವು ಕೇಳಬಹುದು. ನಮ್ಮ ಸಂಘದ ವಾಚನಾಲಯಕ್ಕೆ ಹೋಗಿ ನೋಡಿ. ಒಂದು ಬೀರುವಿನಲ್ಲಿ ಚಿತ್ರದ ಪುಸ್ತಕಗಳು. ಇನ್ನೊಂದರಲ್ಲಿ ನೇರವಾಗಿ ಕಾರಂತ, ಭೈರಪ್ಪ, ತ್ರಿವೇಣಿ. ನಡುವೆ ಹದಿಮೂರರಿಂದ ಹದಿನೇಳರವರೆಗಿನವರಿಗೆ ಬೀರುವೇ ಇಲ್ಲ. ಇರುವುದಿಲ್ಲವೆಂದಲ್ಲ: ತೇಜಸ್ವಿಯವರ 'ಕರ್ವಾಲೊ' 1980ರಿಂದ ಆ ವಯಸ್ಸಿನವರನ್ನು ಕಾಡಿಗೆ ಕರೆದೊಯ್ಯುತ್ತಲೇ ಇದೆ, ಹಾರುವ ಓತಿಯನ್ನು ಹುಡುಕಿ ಹೊರಟವರ ಜೊತೆಗೆ ಹೋದವನಿಗೆ ತನ್ನ ಸಂಕಟ ಸ್ವಲ್ಪ ಹೊತ್ತು ಚಿಕ್ಕದಾಗುತ್ತದೆ. ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದಿದೆ. ಊರು ಬಿಟ್ಟವರ ಮಕ್ಕಳು ಓದಬೇಕಾದ್ದು. ಆದರೆ ನಮ್ಮ ಮಕ್ಕಳ ಕನ್ನಡ ಅಡಿಗೆಮನೆಯ ಕನ್ನಡ. ಮುನ್ನೂರು ಪುಟ ಓದುವಷ್ಟು ಅದು ಬಲಿಯುವುದರೊಳಗೆ ಹರೆಯವೇ ದಾಟಿರುತ್ತದೆ. ನನ್ನ ಮಗಳು 'ಕರ್ವಾಲೊ'ವನ್ನು ನನ್ನ ಬಾಯಿಂದ ಓದಿಸಿಕೊಂಡೇ ಕೇಳಿದಳು. ಮಂದಣ್ಣ ಬಂದಾಗಲೆಲ್ಲ ನಿಲ್ಲಿಸಿ, ಆ ಮಾತನ್ನು ತಾತನ ಥರ ಹೇಳು ಎನ್ನುತ್ತಿದ್ದಳು. ಮಂದಣ್ಣ ಮಲೆನಾಡಿನವನು, ತಾತ ಬಯಲುಸೀಮೆಯವರು, ಆದರೂ ಹೇಳಿದೆ.

ಆನ್‌ಳ ಕಥೆ ಮುಂದಿನ ಸಂಪುಟಗಳಲ್ಲಿ ಬೆಳೆಯುತ್ತದೆ. ಎರಡನೆಯದನ್ನು ನಾನು ಅರ್ಧಕ್ಕೆ ಬಿಟ್ಟೆ, ಮ್ಯಾಥ್ಯೂ ಇಲ್ಲದ ಮನೆ ನನಗೆ ರುಚಿಸಲಿಲ್ಲ. ಮಗಳು ಎಲ್ಲವನ್ನೂ ಮುಗಿಸಿದಳು. 1921ರಲ್ಲಿ ಬಂದ 'ರಿಲ್ಲಾ ಆಫ್ ಇಂಗಲ್‌ಸೈಡ್' ಎಂಬುದು ಮೊದಲನೆಯ ಮಹಾಯುದ್ಧದ ಕಾಲದ ಕಥೆ; ಅದರಲ್ಲಿ ಆನ್ ತಾನೇ ನಡುವಯಸ್ಸಿನ ತಾಯಿ, ಒಬ್ಬ ಮಗನನ್ನು ಯುದ್ಧದಲ್ಲಿ ಕಳೆದುಕೊಳ್ಳುತ್ತಾಳಂತೆ. ಎಲ್ಲಕ್ಕಿಂತ ಅದೇ ಚೆನ್ನಾಗಿದೆ, ನೀನು ಓದಲೇಬೇಕು ಅಪ್ಪ, ಎಂದು ನನ್ನ ಮೇಜಿನ ಮೇಲೆ ತಂದಿಟ್ಟಿದ್ದಾಳೆ. ನಾನಿನ್ನೂ ತೆರೆದಿಲ್ಲ.